ಒಂದು ಸೆಲ್ ತುಂಬಿತು, ಇಡೀ ಬ್ಯಾಟರಿ ನಿಂತಿತು

ಮಳೆಗಾಲದಲ್ಲಿ ಕಾರ್ಕಳದ ನಮ್ಮ ಮನೆಯಲ್ಲಿ ಕರೆಂಟು ಹೋದರೆ ಬರುವುದು ಮರುದಿನವೇ. ಅಲ್ಲಿ ಅಮ್ಮ ಒಬ್ಬರೇ. ಕಳೆದ ವರ್ಷ ರಜೆ ಹಾಕಿ ಹೋಗಿ, ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, 100 ಆಂಪಿಯರ್-ಅವರಿನ 4 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಬ್ಯಾಟರಿ ಮಾಡಿದೆ. ಡೊಂಬಿವಲಿಗೆ ಮರಳಿ ವಾರವಾಗಿರಲಿಲ್ಲ, ಅಮ್ಮನ ಫೋನು: "ಮಗಾ, ನಡುರಾತ್ರಿಗೇ ದೀಪ, ಫ್ಯಾನು ಎರಡೂ ನಿಂತಿತು."

ತಪ್ಪು ನನ್ನದೇ. ಜೋಡಿಸುವಾಗ ನಾಲ್ಕೂ ಸೆಲ್ ಮೀಟರಿನಲ್ಲಿ 3.3 ವೋಲ್ಟ್ ತೋರಿಸಿದ್ದವು, ಸಮ ಎಂದುಕೊಂಡೆ. ಈ ಜಾತಿಯ ಸೆಲ್ ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಕ್ಕ ತಾಳೆ ನೋಡಿದವನು ಇಲ್ಲಿ ಎಡವಿದೆ! ಹೆಚ್ಚು ತುಂಬಿದ್ದ ಒಂದು ಸೆಲ್ ಮೊದಲು 3.65 ಮುಟ್ಟುತ್ತಿತ್ತು, ಕಾವಲಿಗಿದ್ದ ಬಿಎಂಎಸ್ ಚಾರ್ಜ್ ನಿಲ್ಲಿಸುತ್ತಿತ್ತು. ಉಳಿದ ಮೂರು ಅರೆಹೊಟ್ಟೆ.

ಬಿಎಂಎಸ್ ತಾನೇ ಸಮಮಾಡುವುದಿಲ್ಲವೇ? ಮಾಡುತ್ತದೆ, ಆದರೆ ಸಣ್ಣ ಬೋರ್ಡಿನದು 50 ಮಿಲಿಆಂಪಿಯರಿನಂಥ ಹನಿ ಕೆಲಸ. 20 ಆಂಪಿಯರ್-ಅವರ್ ವ್ಯತ್ಯಾಸಕ್ಕೆ 400 ತಾಸು ಬೇಕು.

ಚೌತಿಗೆ ಹೋದಾಗ ಎಲ್ಲ ಬಿಚ್ಚಿದೆ. ಉಂಗುರ ಕಳಚಿಟ್ಟು, ಪಾನಾಕ್ಕೆ ಇನ್ಸುಲೇಷನ್ ಟೇಪು ಸುತ್ತಿದೆ. ಅದು ಎರಡು ತುದಿಗೆ ತಾಗಿದರೆ ಕಿಡಿಯಲ್ಲ, ಬೆಂಕಿಯೇ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ನಾಲ್ಕನ್ನೂ ಸಮಾಂತರವಾಗಿಸಿದೆ. ಪವರ್ ಸಪ್ಲೈಯನ್ನು ಮೊದಲೇ 3.65ಕ್ಕೆ ಹೊಂದಿಸಿ ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಜೋಡಿಸಿದೆ. 10 ಆಂಪಿಯರಿನಲ್ಲಿ ಎರಡು ದಿನ ಹಿಡಿಯಿತು. ಕರೆಂಟು ಹರಿವು ಸೊನ್ನೆಗೆ ಹತ್ತಿರವಾದ ಮೇಲೆ ಬಿಡಿಸಿ ಮತ್ತೆ ಸರಣಿಗೆ ಹಾಕಿದೆ.

ಅಂದಿನಿಂದ ಬೆಳಗಿನವರೆಗೂ ಫ್ಯಾನು ತಿರುಗುತ್ತಿದೆ. ಊರಿಗೆ ಹೋದಾಗಲೆಲ್ಲ ಬ್ಯಾಟರಿ ಪೂರ್ತಿ ತುಂಬುವ ಹೊತ್ತಿಗೆ ನಾಲ್ಕೂ ಸೆಲ್ ಅಳೆದು ಡೈರಿಯಲ್ಲಿ ಬರೆದಿಡುತ್ತೇನೆ. ನಡುವೆ ಅಳೆದರೆ ಮೀಟರು ಮತ್ತೆ ಮೋಸ ಮಾಡೀತು.