ಮೂಡುಬಿದಿರೆಗೆ ಜಿರಾಫೆ ಬಂದದ್ದೆಲ್ಲಿಂದ?

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರೆಲ್ಲ ಕಂಬ ನೋಡುತ್ತ ಕತ್ತೆತ್ತಿ ನಡೆಯುತ್ತಾರೆ. ಒಮ್ಮೆ ಬಗ್ಗಿ ನೋಡಿ! ಭೈರಾದೇವಿ ಮಂಟಪದ ಅಡಿಗಲ್ಲಿನಲ್ಲಿ ಜಿರಾಫೆಯೊಂದು ನಿಂತಿದೆ. ಹೌದು, ಆಫ್ರಿಕಾದ ಜಿರಾಫೆ. ಚೀನಾದ ಡ್ರ್ಯಾಗನ್ ಕೂಡ ಅಲ್ಲೇ ಮೈ ಬಳುಕಿಸಿದೆ. ಬಸದಿ 1430ರದು, ಮಂಟಪ ಆಮೇಲೆ ಅದೇ ಶತಮಾನದಲ್ಲಿ ಸೇರಿಕೊಂಡದ್ದು. ಚೀನಾದ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು 1405ರಿಂದ 1433ರ ನಡುವೆ ಕಲ್ಲಿಕೋಟೆಗೆ ಮತ್ತೆ ಮತ್ತೆ ಬರುತ್ತಿದ್ದವು. ಬಂಗಾಳದ ಸುಲ್ತಾನ ಮಿಂಗ್ ಚಕ್ರವರ್ತಿಗೆ ಜಿರಾಫೆಯನ್ನು ಕಾಣಿಕೆ ಕಳಿಸಿದ್ದು 1414ರಲ್ಲಿ. ನಮ್ಮ ಶಿಲ್ಪಿ ಅದನ್ನು ಕಣ್ಣಾರೆ ಕಂಡನೋ, ಹಡಗಿನವರ ಬಾಯಿಂದ ಕೇಳಿದನೋ! ಕಡಲಿನಿಂದ ಇಷ್ಟು ಒಳಗಿರುವ ಊರಿನ ಉಳಿಗೆ ಎರಡು ಖಂಡಗಳ ಸುದ್ದಿ ಮುಟ್ಟಿತ್ತು. ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಆ ಸುದ್ದಿ ಬಂದ ದಾರಿ ಯಾವುದು? ಕಾಳುಮೆಣಸಿನ ದಾರಿ ಎನ್ನುತ್ತಾರೆ, ಸರಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಕಿ. ಗೋವೆಯ ಪೋರ್ಚುಗೀಸರು ಉಂಡದ್ದು ತುಳುನಾಡಿನ ಅಕ್ಕಿ, ದೂರದ ಮಸ್ಕತ್ತಿನ ಮನೆಗಳಲ್ಲಿ ಬೆಂದದ್ದೂ ಇದೇ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳು! ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಗೇಣಿ ಅಳೆದದ್ದು ಮುಡಿಯಲ್ಲಿ, ಗದ್ದೆಯ ವಿಸ್ತಾರ ಹೇಳಿದ್ದೂ ಬಿತ್ತುವ ಮುಡಿಯ ಲೆಕ್ಕದಲ್ಲಿ. ನೇತ್ರಾವತಿಯಲ್ಲಿ ದೋಣಿ ಏರಿ ಬರುವ ಸರಕು ಬಂಟ್ವಾಳದಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಬೆಳ್ತಂಗಡಿಯ ಹಾದಿಯಾಗಿ ಚಾರ್ಮಾಡಿ ಘಾಟಿ ಹತ್ತಿದರೆ ಘಟ್ಟದ ಮೇಲಿನ ಲೋಕ. 1923ರ ನೆರೆ ಬಂಟ್ವಾಳದ ಹಳೆಯ ಪೇಟೆಯನ್ನು ನುಂಗಿದರೂ ಹೊಳೆಬದಿಯ ಬೀದಿಯಲ್ಲಿ ನಡೆದವರಿಗೆ ಇದು ಬಂದರಿನ ಊರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಊರುಗಳ ಚರಿತ್ರೆ ಬರೆಯುವುದು ಹೇಗೆ? ಇಂಗ್ಲೆಂಡಿನಲ್ಲಿ 1899ರಿಂದ ‘ವಿಕ್ಟೋರಿಯಾ ಕೌಂಟಿ ಹಿಸ್ಟರಿ’ ಎಂಬ ಕೆಲಸ ನಡೆದುಬಂದಿದೆ. ಒಂದೊಂದು ಕೌಂಟಿಯ ಒಂದೊಂದು ಹಳ್ಳಿ ಹಿಡಿದು, ಗದ್ದೆ ಯಾರದು, ಗಿರಣಿ ಯಾರದು ಎಂದು ಶತಮಾನಗಳ ಹಿಂದಿನಿಂದ ಬರೆಯುವ ಕೆಲಸ. ಅವರಿಗೆ ಆಸರೆಯಾಗಿ 1086ರ ಭೂಲೆಕ್ಕದ ಡೂಮ್ಸ್‌ಡೇ ಪುಸ್ತಕವಿದೆ. ನಮ್ಮಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ನಮ್ಮಲ್ಲಿ ಕಡತವಿತ್ತು! ಅರಿವೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿ ಪುಸ್ತಕ. ಬರೆಯುವುದು ಬಿಳಿ ಬಳಪದಲ್ಲಿ. ಒರೆಸಿದರೆ ಅಳಿಯುವ ಈ ಬರಹವನ್ನೇ ನಂಬಿ ಶಾನುಭೋಗರು ನಾಡಿನ ಭೂಕಂದಾಯ ನಡೆಸಿದರು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾದ, ಎಂದರೆ ಈ ಕರಾವಳಿಯ, ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಶಾನುಭೋಗರ ಹಳೆಯ ಲೆಕ್ಕಪತ್ರ ಬಿಚ್ಚಿಸಿದ. ಭೂಮಿಯೆಲ್ಲ ಅರಸನದು ಎಂಬ ಎಣಿಕೆ ಇಲ್ಲಿ ತಲೆಕೆಳಗಾಯಿತು. ಭೂಮಿಯ ಒಡೆತನವಿದ್ದ ಮನೆಯವರು ತಲೆಮಾರುಗಳಿಂದ ಭೂಮಿಯನ್ನು ಮಾರುತ್ತ, ಅಡವಿಡುತ್ತ, ಮೂಲಗೇಣಿಗೆ, ಅಂದರೆ ಕಾಯಂ ಗೇಣಿಗೆ, ಕೊಡುತ್ತ ಬಂದಿದ್ದರು. 1800ರ ಮೇ 31ರ ವರದಿಯಲ್ಲಿ ಅವನು ಇಲ್ಲಿನ ಕಂದಾಯದ ಜಾಡನ್ನು ವಿಜಯನಗರದ ಹರಿಹರನ ಕಾಲದವರೆಗೂ ಹಿಡಿದುಹೋದ.

ಮರುವರ್ಷ ಈಸ್ಟ್ ಇಂಡಿಯಾ ಕಂಪನಿಗಾಗಿ ನಾಡಿನ ಸಮೀಕ್ಷೆ ಮಾಡುತ್ತ ಫ್ರಾನ್ಸಿಸ್ ಬುಕಾನನ್ ಬಂದ. ಅವನು ಕೇಳದ ಪ್ರಶ್ನೆಯಿಲ್ಲ. ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳಲ್ಲಿ ಎಷ್ಟು ಬೆಳೆ, ಆಳಿಗೆ ದಿನಕ್ಕೆ ಎಷ್ಟು ಅಕ್ಕಿ, ವರ್ಷಕ್ಕೆ ಎಷ್ಟು ಬಟ್ಟೆ. ಭೂಮಿಗೇ ಕಟ್ಟಿಬಿದ್ದ ಮೂಲದಾಳುಗಳ ಬೆಲೆಯನ್ನೂ ಬರೆದಿಟ್ಟ. ಆ ಪುಟ ತಿರುವುವಾಗ ಕೈ ತಡೆಯುತ್ತದೆ. ಮಸ್ಕತ್ತಿಗೆ ಹೋದ ಮುಡಿಯನ್ನು ಬೆಳೆದ ಕೈಗಳು ಇವೇ. ಬಸದಿಗೆ ಕಲ್ಲು ಹೊರಿಸಿದ ಸಿರಿವಂತಿಕೆಯ ಬುಡದಲ್ಲೂ ಇಂಥವೇ ಕೈಗಳಿದ್ದಿರಬೇಕು.

ಈ ಕೈಗಳ ಕಥೆಯ ಮುಂದಿನ ಭಂಡಾರ ಎಲ್ಲಿದೆ ಗೊತ್ತೇ? ತಾಲೂಕು ಕಚೇರಿಯ ಕಪಾಟಿನಲ್ಲಿ! 1974ರ ಮಾರ್ಚ್ 1ಕ್ಕೆ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿಯವರು ಭೂಮಿಯ ಹಕ್ಕಿಗಾಗಿ ಸಲ್ಲಿಸಿದ ಫಾರಂ 7, ಭೂನ್ಯಾಯಮಂಡಳಿಯ ತೀರ್ಪು. ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಎಂದು ಇಲ್ಲಿನ ಹಿರಿಯರು ಇಂದಿಗೂ ಹೇಳುವುದು ಅದನ್ನೇ. ಯಾರು ಯಾರ ಗೇಣಿಗೆ, ಯಾವ ಗದ್ದೆ, ಎಷ್ಟು ಬೆಳೆ ಎಂಬುದನ್ನು ಒಕ್ಕಲಿನವರ ಬಾಯಿಂದಲೇ ಕೇಳಿ ದಾಖಲಿಸಿದ ಕಾಗದ ನಮ್ಮ ಚರಿತ್ರೆಯಲ್ಲಿ ಇನ್ನೆಷ್ಟಿದೆ? ಬಂಟ್ವಾಳದ ಬಿ.ಸಿ.ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಕಟ್ಟಿದ ತುಕಾರಾಮ ಪೂಜಾರಿಯವರು ತುಳುವರ ಮನೆಬಳಕೆಯ, ಬೇಸಾಯದ ಪರಿಕರಗಳನ್ನು ಕೂಡಿಟ್ಟಿದ್ದಾರೆ. ಆ ಕಾಗದ ಓದಿಬಂದವರು ಈ ವಸ್ತುಗಳ ಮುಂದೆ ನಿಲ್ಲಬೇಕು. ಗೇಣಿ ಎಂಬುದಕ್ಕೆ ಎಷ್ಟು ಭಾರವಿತ್ತೆಂದು ಆಗ ತಿಳಿಯುತ್ತದೆ.

ಇಷ್ಟೆಲ್ಲ ಕಾಗದದಲ್ಲೂ ಹೆಂಗಸರು ಕಾಣುವುದು ಕಡಿಮೆ. ಅವರು ಇರುವುದು ತುಳುವಿನ ಹಾಡುಗತೆ ಪಾಡ್ದನದಲ್ಲಿ! ಬೆಳ್ತಂಗಡಿ ತಾಲೂಕಿನ ಉಜಿರೆಯ ಬಳಿ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದರು. 15,683 ಸಾಲು! ಸಿರಿ ಗಂಡ ಕಾಂತು ಪೂಂಜನನ್ನು ಬಿಟ್ಟು ನಡೆಯುತ್ತಾಳೆ, ಮರುಮದುವೆಯಾಗುತ್ತಾಳೆ, ಸತ್ಯನಾಪುರದ ಮನೆಯ ಹಕ್ಕಿಗಾಗಿ ನ್ಯಾಯ ಕೇಳುತ್ತಾಳೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಯಲ್ಲಿ ಯಜಮಾನನಂತೆ ಯಜಮಾಂತಿಯೂ ಇರಬಹುದಿತ್ತು. ಆದರೆ ಪಾಲು ಬೇಕೆಂದು ಹಕ್ಕಿನಿಂದ ಕೇಳಲು 1949ರ ಕಾಯ್ದೆಯೇ ಬರಬೇಕಾಯಿತು. ಆ ಕಾಯ್ದೆಯ ಬೆನ್ನಿಗೇ ಬರೆದ ಪಾಲುಪಟ್ಟಿಗಳು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಅವನ್ನು ಬಿಚ್ಚಿ ಸಿರಿಯ ಪಕ್ಕ ಇಟ್ಟು ಓದುವವರಿಗಾಗಿ ನಾನು ಕಾತರದಿಂದ ಕಾದಿದ್ದೇನೆ.