ನಿಗಾ ಘಟಕದಲ್ಲಿ ಆ್ಯಂಟಿಬಯೋಟಿಕ್: ಅಳತೆ ಮತ್ತು ಅವಧಿ

ತೀವ್ರ ನಿಗಾ ಘಟಕದಲ್ಲಿ ನಂಜೇರಿ ಮಲಗಿದ ರೋಗಿಗೆ ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಅರ್ಧ ಗಂಟೆಯಲ್ಲಿ ಕೊಟ್ಟು ಮುಗಿಸದೆ, ಪಂಪಿನ ಮೂಲಕ ಮೂರು-ನಾಲ್ಕು ಗಂಟೆ, ಕೆಲವೊಮ್ಮೆ ಹಗಲಿರುಳೂ ಹನಿಹನಿಯಾಗಿ ಹರಿಸುವುದುಂಟು. ಔಷಧವನ್ನು ಕಡಿಮೆ ಮಾಡಿದರೇನೋ ಎಂದು ಬಂಧುಗಳು ಕಳವಳಪಡುತ್ತಾರೆ. ವಾಸ್ತವದಲ್ಲಿ ದಿನದ ಒಟ್ಟು ಪ್ರಮಾಣ ಅಷ್ಟೇ ಇರುತ್ತದೆ. ಬದಲಾಗುವುದು ಕೊಡುವ ಅವಧಿ.

ಪಿಪೆರಾಸಿಲಿನ್, ಮೆರೊಪೆನೆಮ್ ಮುಂತಾದ ಔಷಧಗಳ ಫಲವು, ಅವು ರಕ್ತದಲ್ಲಿ ಎಷ್ಟು ಏರಿದವು ಎಂಬುದಕ್ಕಿಂತ, ರೋಗಾಣುವನ್ನು ತಡೆಯಬಲ್ಲ ಮಟ್ಟದ ಮೇಲೆ ಎಷ್ಟು ಹೊತ್ತು ನಿಂತವು ಎಂಬುದನ್ನು ಅವಲಂಬಿಸಿದೆ. ಮೂತ್ರಪಿಂಡಗಳು ಆರೋಗ್ಯವಾಗಿರುವವರಲ್ಲಿ ಮೆರೊಪೆನೆಮ್ ಸುಮಾರು 1 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 8 ಗಂಟೆಗೊಮ್ಮೆ ಬೇಗನೆ ಕೊಟ್ಟು ಮುಗಿಸಿದರೆ ಕೊನೆಯ ಗಂಟೆಗಳಲ್ಲಿ ಉಳಿಯುವುದು ಅತ್ಯಲ್ಪ. ಅಮಿಕಾಸಿನ್‌ನ ಸ್ವಭಾವ ಇದಕ್ಕೆ ವಿರುದ್ಧ. ಅದನ್ನು ದಿನಕ್ಕೊಮ್ಮೆ ಒಟ್ಟಿಗೆ ಕೊಡುವುದೇ ವಾಡಿಕೆ.

ನಂಜು ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ರಕ್ತನಾಳಗಳು ಸೋರಿ, ಏರಿಸಿದ ಸಲೈನ್ ಅಂಗಾಂಶಗಳಲ್ಲಿ ನಿಂತು, ಔಷಧ ತೆಳುವಾಗುತ್ತದೆ. ಅಪಘಾತಕ್ಕೀಡಾದ ತರುಣನ ಮೂತ್ರಪಿಂಡಗಳು ಎಂದಿಗಿಂತ ಚುರುಕಾಗಿ ಅದನ್ನು ಹೊರಹಾಕಬಹುದು. ವೃದ್ಧರೊಬ್ಬರಲ್ಲಿ ಅವು ಸೋತು, ಅದೇ ಪ್ರಮಾಣ ಶೇಖರಗೊಂಡು ಗೊಂದಲ, ಸೆಳವು ತರಬಹುದು. ಆದರೂ ಮೂತ್ರಪಿಂಡ ಸೋತಿದೆಯೆಂದು ಮೊದಲ ಡೋಸನ್ನೇ ಮೊಟಕುಗೊಳಿಸುವುದು ಅಪಾಯಕರ. ಮೊದಲನೆಯದು ಪೂರ್ಣವಾಗಿರಬೇಕು, ಹೊಂದಾಣಿಕೆಯೇನಿದ್ದರೂ ಅನಂತರದವುಗಳಲ್ಲಿ.

ನಿರಂತರವಾಗಿ ಹರಿಸುವುದರಿಂದ ಜೀವ ಉಳಿಯುವುದೇ? ಆಸ್ಟ್ರೇಲಿಯ, ಬ್ರಿಟನ್, ಮಲೇಷ್ಯಾ ಸೇರಿದಂತೆ 7 ದೇಶಗಳ ಸುಮಾರು 7,000 ರೋಗಿಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. 90 ದಿನಗಳೊಳಗಿನ ಮರಣ ನಿರಂತರ ವಿಧಾನದಲ್ಲಿ ಶೇ. 24.9, ಬಿಟ್ಟುಬಿಟ್ಟು ಕೊಟ್ಟವರಲ್ಲಿ ಶೇ. 26.8. ಈ ಅಂತರ ಆಕಸ್ಮಿಕವೂ ಇರಬಹುದೆಂದು ಸಂಖ್ಯಾಶಾಸ್ತ್ರ ಎಚ್ಚರಿಸುತ್ತದೆ. ಆದರೆ ಸೋಂಕು ವಾಸಿಯಾದವರು ಶೇ. 55.7, ಇನ್ನೊಂದು ಗುಂಪಿನಲ್ಲಿ ಶೇ. 50, ಇಂಥ 18 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಮರಣವೂ ತಗ್ಗಿತ್ತು. ಹೊಸ ಔಷಧ ಬೇಡದ, ಪಂಪು ಮತ್ತು ತರಬೇತಾದ ದಾದಿಯರಷ್ಟೇ ಬೇಕಾದ ಕ್ರಮಕ್ಕೆ ಇಷ್ಟು ಆಧಾರ ಸಾಕೆಂದೇ ಹೇಳಬೇಕು. ತೊಡಕೊಂದಿದೆ: ಮೆರೊಪೆನೆಮ್ ದ್ರಾವಣ ಸೆಕೆಯಲ್ಲಿ ಬೇಗ ಸತ್ವಗೆಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇಡೀ ದಿನಕ್ಕೆ ಒಮ್ಮೆಲೇ ಕಲಸಿಡುವುದಕ್ಕಿಂತ, ಪ್ರತಿ ಡೋಸನ್ನೂ ಆಗಲೇ ಕಲಸಿ ಮೂರು ಗಂಟೆ ಹರಿಸುವುದು ಮೇಲು.

ಬಂಧುಗಳು ರೋಗಿಯ ತೂಕ, ಹಿಂದಿನ ಮೂತ್ರಪಿಂಡದ ಕಾಯಿಲೆ, ಪೆನಿಸಿಲಿನ್ ಒಗ್ಗದಿರುವಿಕೆಗಳನ್ನು ವೈದ್ಯರಿಗೆ ತಿಳಿಸಬೇಕು. ಮೂರ್ಛೆರೋಗಕ್ಕೆ ವ್ಯಾಲ್‌ಪ್ರೊಯೇಟ್ ಸೇವಿಸುತ್ತಿದ್ದರೆ ಅದನ್ನಂತೂ ಮರೆಯಬಾರದು. ಮೆರೊಪೆನೆಮ್ ಅದರ ಮಟ್ಟವನ್ನು ರಕ್ತದಲ್ಲಿ ಥಟ್ಟನೆ ಇಳಿಸಿಬಿಡುತ್ತದೆ.