ಜೋಗದ ಹೆಸರಿನ ಹಡಗು, ಹದಿನೆಂಟು ಜೋಗದ ಆಳ

ರಬಾಳೆ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ನಡೆದರೆ ಊರು ಮುಗಿದು ಕಾಂಡ್ಲಾ ಗಿಡಗಳು ಶುರುವಾಗುತ್ತವೆ, ಅದರಾಚೆ ಥಾಣೆ ಖಾಡಿ. ಈ ನೀರು ದಕ್ಷಿಣಕ್ಕೆ ಇಳಿದು ಮುಂಬೈ ಬಂದರನ್ನು ಸೇರುತ್ತದೆ. 1947ರ ಜುಲೈ 17ರಂದು ಭಾವುಚಾ ಧಕ್ಕಾದಿಂದ ರೇವಸಕ್ಕೆ ಹೊರಟ 'ರಾಮದಾಸ' ಹಡಗು ಮುಳುಗಿ 600ಕ್ಕೂ ಮಿಕ್ಕಿ ಜನ ಸತ್ತದ್ದು ಅಲ್ಲಿಂದ ಸ್ವಲ್ಪ ಮುಂದೆ. ಮುಳುಗಿದ ಹಡಗು ಎಂದ ಕೂಡಲೇ ನಿಧಿಯ ಮಾತು ಬರುತ್ತದೆ. ಮೊದಲು ಜನರ ಮಾತು ಬರಬೇಕು.

ಕಡಲ ತಳದ ಹುಡುಕಾಟ ಹೇಗೆ ನಡೆಯುತ್ತದೆ ಎಂದು ತಿಳಿಯಲು ಕನ್ನಡಿಗರಿಗೆ ಹತ್ತಿರದ ಹಡಗಿನ ಹೆಸರೊಂದಿದೆ: 'ಗೇರುಸೊಪ್ಪ'. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ತನ್ನ ಹಡಗುಗಳಿಗೆ ಸಾಮಾನ್ಯವಾಗಿ 'ಆ'ಕಾರದಲ್ಲಿ ಮುಗಿಯುವ ಊರುಗಳ ಹೆಸರಿಡುತ್ತಿತ್ತು. ಜೋಗವನ್ನು ಇಂಗ್ಲಿಷರು ಗೇರುಸೊಪ್ಪ ಜಲಪಾತ ಎಂದೇ ಕರೆಯುತ್ತಿದ್ದ ಕಾಲ ಅದು. 1940ರ ಡಿಸೆಂಬರಿನಲ್ಲಿ ಕಲ್ಕತ್ತದಿಂದ ಚಹಾ, ಬೀಡುಕಬ್ಬಿಣ, ಬೆಳ್ಳಿ ಹೊತ್ತು ಈ ಹಡಗು ಬ್ರಿಟನ್ನಿಗೆ ಹೊರಟಿತು. ದಾರಿಯಲ್ಲಿ ಬಿರುಗಾಳಿ ಎದ್ದಿತು, ಕಲ್ಲಿದ್ದಲು ಸಾಲದಾಯಿತು. ಜತೆಯ ಹಡಗುಗಳ ಸಾಲನ್ನು ಬಿಟ್ಟು ಐರ್ಲೆಂಡಿನತ್ತ ತಿರುಗಿದಾಗ, 1941ರ ಫೆಬ್ರವರಿಯಲ್ಲಿ, ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗಿನಲ್ಲಿದ್ದವರು 85 ಮಂದಿ, ಹೆಚ್ಚಿನವರು ನಮ್ಮ ನೆಲದ ಖಲಾಸಿಗಳು. 13 ದಿನ ದೋಣಿಯಲ್ಲಿ ತೇಲಿ ಇಂಗ್ಲೆಂಡಿನ ದಡ ಮುಟ್ಟಿ ಬದುಕಿದವನು ಒಬ್ಬನೇ, ಎರಡನೇ ಅಧಿಕಾರಿ ರಿಚರ್ಡ್ ಏಯರ್ಸ್.

ಹಡಗು ಕುಳಿತಿದ್ದು ಸುಮಾರು 4,700 ಮೀಟರ್ ಆಳದಲ್ಲಿ. 253 ಮೀಟರಿನ ಜೋಗವನ್ನು ಒಂದರ ಮೇಲೊಂದು ಹದಿನೆಂಟು ಸಲ ನಿಲ್ಲಿಸಿದರೂ ಮೇಲಿನ ನೀರು ಸಿಗುವುದಿಲ್ಲ. ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತ ಹೋಗಿ, ತಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸರಿಸುಮಾರು ಅರ್ಧ ಟನ್ ಭಾರ ಕೂರುತ್ತದೆ. ಹವ್ಯಾಸಿ ಸ್ಕೂಬಾ ಮುಳುಗುಗಾರರ ಮಿತಿ 40 ಮೀಟರ್. ಹಾಗಾಗಿ ಅಲ್ಲಿಗೆ ಇಳಿಯುವುದು ಯಂತ್ರ.

ಯಂತ್ರಕ್ಕಿಂತ ಮೊದಲು ಕಾಗದ. ಬದುಕಿದವರ ಹೇಳಿಕೆ, ಶತ್ರುವಿನ ದಿನಚರಿ, ಆ ದಿನದ ಗಾಳಿ ಇವನ್ನೆಲ್ಲ ಕೂಡಿಸಿ ನಕ್ಷೆಯ ಮೇಲೆ ಒಂದು ಚೌಕ ಎಳೆಯುತ್ತಾರೆ. ಆ ಚೌಕ ನೂರಾರು ಚದರ ಕಿಲೋಮೀಟರ್ ಇರಬಹುದು. ಬೆಳಕು, ರೇಡಿಯೊ, ಜಿಪಿಎಸ್ ಯಾವುದೂ ಅಷ್ಟು ಆಳಕ್ಕೆ ಹೋಗುವುದಿಲ್ಲ, ಹೋಗುವುದು ಸದ್ದು ಮಾತ್ರ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಮೇಲಿನಿಂದ ಕೂಗಿದರೆ ಆ ತಳ ಮುಟ್ಟಿ ಮರಳಲು ಆರು ಸೆಕೆಂಡು ದಾಟುತ್ತದೆ, ಚಿತ್ರವೂ ಮಸುಕು. ಅದಕ್ಕೇ ಸೋನಾರ್ ಯಂತ್ರವನ್ನು ಕಿಲೋಮೀಟರುಗಟ್ಟಲೆ ಕೇಬಲಿಗೆ ಕಟ್ಟಿ, ತಳದ ಹತ್ತಿರಕ್ಕೆ ಇಳಿಸಿ, ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ಎಳೆಯುತ್ತಾರೆ. ಅದು ಎರಡೂ ಪಕ್ಕಕ್ಕೆ ಸದ್ದು ಬೀಸುತ್ತದೆ. ಕೆಸರು ಸದ್ದನ್ನು ನುಂಗುತ್ತದೆ, ಕಬ್ಬಿಣ ತಿರುಗಿ ಎಸೆಯುತ್ತದೆ. ಹಡಗಿನ ಬೆನ್ನಿಗೆ ಸದ್ದು ತಲುಪದ ಒಂದು ನೆರಳು ಬೀಳುತ್ತದೆ, ನೆರಳಿನ ಉದ್ದ ಅಳೆದರೆ ಹಡಗಿನ ಎತ್ತರ ಗೊತ್ತಾಗುತ್ತದೆ.

ಅನುಮಾನ ಬಂದ ಜಾಗಕ್ಕೆ ದೀಪ, ಕ್ಯಾಮೆರಾ, ಯಾಂತ್ರಿಕ ಕೈಗಳಿರುವ ರೋಬೊಟ್ ಇಳಿಯುತ್ತದೆ. ಹಡಗಿನ ಮೇಲೆ ಕುಳಿತವರು ಕೇಬಲಿನ ಮೂಲಕ ಅದನ್ನು ನಡೆಸುತ್ತಾರೆ. 2011ರಲ್ಲಿ ಒಡಿಸ್ಸಿ ಮರೀನ್ ಎಂಬ ಅಮೆರಿಕನ್ ಕಂಪನಿ ಗೇರುಸೊಪ್ಪವನ್ನು ಗುರುತಿಸಿದ್ದು ಸರಕುಕೋಣೆಗಳ ಲೆಕ್ಕ, ಒಡಲಿನ ಕೆಂಪು ಕಪ್ಪು ಬಣ್ಣ, ಟಾರ್ಪಿಡೊ ತೂತು, ಚಹಾ ಪೆಟ್ಟಿಗೆಗಳ ಅವಶೇಷ ಇವನ್ನು ಹಳೆಯ ದಾಖಲೆಗಳೊಂದಿಗೆ ತಾಳೆ ನೋಡಿ. ನಮ್ಮಲ್ಲೂ ಈ ಶಕ್ತಿ ಇದೆ. 2016ರ ಜುಲೈ 22ರಂದು 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದ ಅವಶೇಷವನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ವಾಹನ 3,400 ಮೀಟರ್ ಆಳದಲ್ಲಿ ಕಂಡ ಸುದ್ದಿ 2024ರ ಜನವರಿಯಲ್ಲಿ ಬಂತು. ಏಳೂವರೆ ವರ್ಷ ಕಾದ ಮನೆಗಳಿಗೆ ಕಡೆಗೂ ಒಂದು ಜಾಗ ತಿಳಿಯಿತು.

ಮತ್ತೆ ಗೇರುಸೊಪ್ಪಕ್ಕೆ ಬಂದರೆ, ಬ್ರಿಟಿಷ್ ಸರ್ಕಾರದೊಂದಿಗಿನ ಒಪ್ಪಂದದ ಮೇಲೆ ಒಡಿಸ್ಸಿ ಕಂಪನಿ 2012 ಮತ್ತು 2013ರಲ್ಲಿ 2,792 ಬೆಳ್ಳಿ ಗಟ್ಟಿಗಳನ್ನು ಎತ್ತಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಲ್ಲ, ಅವುಗಳ ಜತೆ ಬಂದ 700ಕ್ಕೂ ಹೆಚ್ಚು ಪತ್ರಗಳು. ಭಾರತದಿಂದ ಮನೆಗೆ ಬರೆದವು, ಮುಟ್ಟದೇ ಹೋದವು. ಬೆಳಕಿಲ್ಲದ, ತಣ್ಣನೆಯ, ಗಾಳಿಯಾಡದ ಮೂಲೆಯಲ್ಲಿ ಒತ್ತಾಗಿ ಬಿದ್ದಿದ್ದರಿಂದ ಕಾಗದ ಉಳಿದಿತ್ತು. 2018ರಲ್ಲಿ ಲಂಡನ್ನಿನ ಅಂಚೆ ಮ್ಯೂಸಿಯಂ ಅವನ್ನು ಪ್ರದರ್ಶಿಸಿತು. ಖಲಾಸಿಗಳ ಮನೆಯವರ ಕೈಗೂ ಆ ಬೆಳ್ಳಿಯಿಂದ ಏನಾದರೂ ಸಲ್ಲಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಯುನೆಸ್ಕೊದ 2001ರ ಒಡಂಬಡಿಕೆ 100 ವರ್ಷ ನೀರಿನಲ್ಲಿದ್ದ ಅವಶೇಷಗಳಿಗೆ ಅನ್ವಯಿಸುತ್ತದೆ. ಸಾಧ್ಯವಾದಷ್ಟೂ ಇದ್ದಲ್ಲೇ ಉಳಿಸಿ, ವ್ಯಾಪಾರ ಮಾಡಬೇಡಿ ಎನ್ನುತ್ತದೆ. ಗೇರುಸೊಪ್ಪಕ್ಕೆ ಆಗ ನೂರಾಗಿರಲಿಲ್ಲ. ಬೆಳ್ಳಿ ಎತ್ತುವಾಗ ಬ್ರಿಟನ್ ಆಗಲಿ ಭಾರತವಾಗಲಿ ಅದಕ್ಕೆ ಸೇರಿರಲೂ ಇಲ್ಲ.

ಇದ್ದಲ್ಲೇ ಬಿಡುವುದೇಕೆ ಎಂಬುದಕ್ಕೆ ಗೋವೆಯ ಸೇಂಟ್ ಜಾರ್ಜ್ ಬಂಡೆಸಾಲಿನ ಹಡಗು ಸಾಕ್ಷಿ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗ ಎಸ್. ಆರ್. ರಾವ್. ಅದೇ ಸಂಸ್ಥೆಯವರು ಆ ಬಂಡೆಸಾಲಿನಲ್ಲಿ ಮುಳುಗಿ ನೋಡಿದಾಗ ಹಂಚು, ಮಣ್ಣಿನ ಕಂಬದ ತುಂಡುಗಳ ನಡುವೆ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯ ಹೆಸರು, 1865 ಎಂಬ ಅಂಕಿ ಸಿಕ್ಕವು. ಹಡಗಿಗೆ ಹೆಸರಿಲ್ಲ, ಆದರೆ ಹಂಚಿನಿಂದ ಅದರ ಕಾಲ ತಿಳಿಯಿತು. ಯಾರೋ ಒಬ್ಬರು ನೆನಪಿಗೆಂದು ಆ ಒಂದು ಹಂಚನ್ನು ಮನೆಗೆ ಒಯ್ದಿದ್ದರೆ ಅದೂ ತಿಳಿಯುತ್ತಿರಲಿಲ್ಲ.

ರಜೆಯಲ್ಲಿ ಮಾಲವಣಕ್ಕೋ ನೇತ್ರಾಣಿಗೋ ಮುಳುಗಲು ಹೋಗುವವರು ನಮ್ಮಲ್ಲಿ ಈಗ ಬಹಳ. ತಳದಲ್ಲಿ ಹಳೆಯ ವಸ್ತು ಕಂಡರೆ ಮುಟ್ಟಬೇಡಿ. ಉಪ್ಪುನೀರು ಕುಡಿದ ಕಬ್ಬಿಣ ಮೇಲೆ ಬಂದು ಒಣಗಿದರೆ ಪದರು ಪದರಾಗಿ ಉದುರುತ್ತದೆ, ಮರ ಸೊರಗಿ ಸೀಳುತ್ತದೆ. ಉಪ್ಪು ಬಿಡಿಸಲು ತಿಂಗಳುಗಟ್ಟಲೆ ನೀರಿನ ತೊಟ್ಟಿಯಲ್ಲಿ ಇಡಬೇಕು, ಅದು ಪ್ರಯೋಗಾಲಯದ ಕೆಲಸ. ಪಕ್ಕದಲ್ಲಿ ಅಳತೆಗೆ ಏನಾದರೂ ಹಿಡಿದು ಫೋಟೊ ತೆಗೆಯಿರಿ, ದೋಣಿಯವರಿಂದ ಜಿಪಿಎಸ್ ಅಂಕಿ ಬರೆದುಕೊಳ್ಳಿ, ಲಂಗರನ್ನು ಅದರ ಮೇಲೆ ಬಿಡಬೇಡಿ ಎಂದು ಅವರಿಗೂ ಹೇಳಿ. ಆಮೇಲೆ ಪುರಾತತ್ವ ಇಲಾಖೆಗೋ ಗೋವೆಯ ಆ ಸಂಸ್ಥೆಗೋ ತಿಳಿಸಿ. ಜಾಗದ ಅಂಕಿಯನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕಬೇಡಿ.